ಅಂತರ್ಜಾಲ ಮತ್ತು ಸ್ವಾಧ್ಯಾಯ

ಓದು ಎಂಬ ಕ್ರಿಯೆಗೆ ಕನ್ನಡ ನಾಡಿನಲ್ಲಿ ದೀರ್ಘವಾದ ಇತಿಹಾಸವಿದೆ. ಅಕ್ಷರವು ತಾಳೆಗರಿಯಿಂದ ಕಾಗದಕ್ಕೆ, ಕಾಗದದ ಹಸ್ತಪ್ರತಿಯಿಂದ ಅಚ್ಚಿನ ಪುಸ್ತಕಕ್ಕೆ, ಅಲ್ಲಿಂದ ಈಗ ಅಂಗೈಯಗಲದ ಪರದೆಗೆ ಸಾಗಿ ಬಂದಿದೆ. ಭಾರತದಲ್ಲಿ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ತೆರೆದುಕೊಂಡ ಅಂತರ್ಜಾಲವು ಮೊದಲು ಕಚೇರಿಗಳನ್ನೂ, ಆ ಬಳಿಕ ಮನೆಗಳನ್ನೂ, ಕಡೆಗೆ ಪ್ರತಿಯೊಬ್ಬರ ಜೇಬನ್ನೂ ಹೊಕ್ಕಿತು. ಇದನ್ನು ವರವೆಂದು ಕೊಂಡಾಡುವವರೂ ಶಾಪವೆಂದು ನಿಂದಿಸುವವರೂ ಸಮಸಂಖ್ಯೆಯಲ್ಲಿದ್ದಾರೆ. ಆದರೆ ಹೊಗಳಿಕೆ ತೆಗಳಿಕೆಗಳೆರಡೂ ವಿಮರ್ಶೆಯಲ್ಲ. ವಿಮರ್ಶೆಗೆ ಒಂದು ಅಳತೆಗೋಲು ಬೇಕು.

ಅಂತಹ ಅಳತೆಗೋಲೊಂದು ಪರಂಪರೆಯಲ್ಲಿಯೇ ಸಿದ್ಧವಾಗಿದೆ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಸ್ವಾಧ್ಯಾಯವನ್ನು ಅಂತರಂಗ ತಪಸ್ಸುಗಳಲ್ಲಿ ಒಂದೆಂದು ಎಣಿಸಿ, ಅದಕ್ಕೆ ಐದು ಅಂಗಗಳನ್ನು ಹೇಳುತ್ತದೆ: ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ, ಧರ್ಮೋಪದೇಶ. ಓದುವುದು, ಕೇಳಿ ಸಂಶಯ ನಿವಾರಿಸಿಕೊಳ್ಳುವುದು, ಮನನ ಮಾಡುವುದು, ಶುದ್ಧ ಉಚ್ಚಾರಣೆಯಿಂದ ಮತ್ತೆ ಮತ್ತೆ ಪಠಿಸುವುದು, ಕೊನೆಗೆ ಇತರರಿಗೆ ತಿಳಿಸುವುದು. ಮೊದಲ ಅಂಗದಿಂದ ಕೊನೆಯ ಅಂಗವನ್ನು ಮುಟ್ಟಬೇಕಾದರೆ ನಡುವಿನ ಮೂರನ್ನು ಹಾಯಲೇಬೇಕು. ಅಂತರ್ಜಾಲವು ಓದನ್ನು ಏನು ಮಾಡಿದೆ ಎಂಬ ಪ್ರಶ್ನೆಯನ್ನು ಈ ಐದು ಅಂಗಗಳ ಮುಂದಿಟ್ಟು ನೋಡಿದರೆ ಉತ್ತರವು ಸ್ಪಷ್ಟವಾಗುತ್ತದೆ.

ವಾಚನಕ್ಕೆ ಆಗಿರುವ ಲಾಭವನ್ನು ಮೊದಲು ಒಪ್ಪಿಕೊಳ್ಳಬೇಕು. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಒಂದು ಗ್ರಂಥವು ಅಳಿಯದಿರಲು ಅಂದು ಅಷ್ಟು ಧನ, ಅಷ್ಟು ಲಿಪಿಕಾರರು, ಅಷ್ಟು ಸಂಕಲ್ಪ ಬೇಕಾಗಿತ್ತು. ವೀರಸೇನಾಚಾರ್ಯರ ಧವಲಾ ಟೀಕೆಯ ತಾಳೆಗರಿ ಪ್ರತಿಗಳು ಮೂಡಬಿದಿರೆಯಲ್ಲಿ ಶತಮಾನಗಳ ಕಾಲ ದರ್ಶನಕ್ಕೆ ದೊರೆಯುತ್ತಿದ್ದವೇ ಹೊರತು ಅಧ್ಯಯನಕ್ಕಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕಾರ್ಯ ಆರಂಭವಾಗಿ, ಮೊದಲ ಸಂಪುಟ ಅಚ್ಚಾಗಿ ಹೊರಬಂದದ್ದು 1939ರಲ್ಲಿ. ಇಂದು ಒಂದು ಹಸ್ತಪ್ರತಿಯ ಛಾಯಾಚಿತ್ರವನ್ನು ಊರು ಬಿಟ್ಟು ಬಹುದೂರ ನೆಲೆಸಿದ ಕನ್ನಡಿಗನೂ ಕ್ಷಣಮಾತ್ರದಲ್ಲಿ ತೆರೆಯಬಲ್ಲ. ವಿ. ಕೃಷ್ಣ ಅವರು ಸುಮಾರು ನಾಲ್ಕು ದಶಕಗಳ ಕಾಲ ಒಬ್ಬರೇ ಕುಳಿತು ಸಂಗ್ರಹಿಸಿದ, ಒಂದೂವರೆ ಲಕ್ಷ ನಮೂದುಗಳನ್ನು ಮೀರಿದ ಕನ್ನಡ-ಇಂಗ್ಲಿಷ್ ನಿಘಂಟು 'ಅಲರ್' ಎಂಬ ಹೆಸರಿನಿಂದ 2019ರಲ್ಲಿ ಎಲ್ಲರಿಗೂ ಉಚಿತವಾಗಿ ದೊರೆತದ್ದು ಅಂತರ್ಜಾಲದ ಮೂಲಕವೇ. ಶಾಸ್ತ್ರದಾನಕ್ಕೆ ಇಷ್ಟು ಅಗ್ಗವಾದ, ಇಷ್ಟು ವ್ಯಾಪಕವಾದ ಸಾಧನ ಹಿಂದೆಂದೂ ಇರಲಿಲ್ಲ.

ಆದರೆ ದೊರೆಯುವುದು ಬೇರೆ, ಓದುವುದು ಬೇರೆ. ಕಾಗದದ ಓದನ್ನೂ ಪರದೆಯ ಓದನ್ನೂ ಹೋಲಿಸಿದ 54 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದ ಸಂಶೋಧನೆಯೊಂದು 2018ರಲ್ಲಿ ಪ್ರಕಟವಾಯಿತು. ಮಾಹಿತಿಪ್ರಧಾನ ಬರಹವನ್ನು ಕಾಗದದಲ್ಲಿ ಓದಿದವರ ಗ್ರಹಿಕೆ ಮೇಲಾಗಿತ್ತು. ಸಮಯದ ಒತ್ತಡವಿದ್ದಾಗ ಅಂತರ ಇನ್ನೂ ಹೆಚ್ಚಾಗಿತ್ತು. ಕಥೆಗಳ ಓದಿನಲ್ಲಿ ಮಾತ್ರ ಅಂತಹ ವ್ಯತ್ಯಾಸ ಕಾಣಲಿಲ್ಲ. ಕಥೆಯು ಓದುಗನನ್ನು ತಾನೇ ಎಳೆದುಕೊಂಡು ಹೋಗುತ್ತದೆ. ವಿಚಾರವು ಓದುಗನ ಪ್ರಯತ್ನವನ್ನು ಬೇಡುತ್ತದೆ. ಪರದೆಯ ಮೇಲೆ ಸಡಿಲಗೊಳ್ಳುತ್ತಿರುವುದು ಆ ಪ್ರಯತ್ನವೇ ಎಂದು ತೋರುತ್ತದೆ.

ಎರಡನೆಯ ಅಂಗ ಪೃಚ್ಛನಾ. ಶೋಧಯಂತ್ರವು ಯಾವ ಪ್ರಶ್ನೆಗೂ ಬೇಸರಿಸುವುದಿಲ್ಲ. ಅರೆಕ್ಷಣದಲ್ಲಿ ಸಾವಿರ ಉತ್ತರಗಳನ್ನು ಒಡ್ಡುತ್ತದೆ. ಈಚೆಗೆ ಬಂದಿರುವ ಕೃತಕ ಬುದ್ಧಿಮತ್ತೆಯ ಯಂತ್ರಗಳಂತೂ ಒಂದೇ ಉತ್ತರವನ್ನು ನಯವಾದ ವಾಕ್ಯಗಳಲ್ಲಿ ಪೋಣಿಸಿಕೊಡುತ್ತವೆ. ಅದರಲ್ಲಿ ತಪ್ಪು ಸೇರಿದ್ದರೂ ನಯ ಕುಂದುವುದಿಲ್ಲ. ಗುರುವಿನ ಬಳಿ ಪ್ರಶ್ನೆ ಒಯ್ದವನಿಗೆ ಮರುಪ್ರಶ್ನೆಯೊಂದು ಕಾದಿರುತ್ತಿತ್ತು: ಈ ಸಂಶಯ ನಿನಗೆ ಏಕೆ ಬಂತು, ಹಿಂದಿನ ಪಾಠ ಅರ್ಥವಾಗಿದೆಯೇ? ಆ ಮರುಪ್ರಶ್ನೆಯಲ್ಲಿ ಶಿಷ್ಯನ ಅಜ್ಞಾನದ ಜೊತೆಗೆ ಅವನ ಅಹಂಕಾರವೂ ಕರಗುತ್ತಿತ್ತು. ಬೆರಳ ತುದಿಯಲ್ಲಿ ಉತ್ತರ ಸಿಕ್ಕಾಗ ಅಜ್ಞಾನವು ತಾತ್ಕಾಲಿಕವಾಗಿ ಮರೆಯಾದೀತು. ಅಹಂಕಾರ ಮಾತ್ರ ಕರಗದು, ಬಲಿಯುವ ಸಂಭವವೇ ಹೆಚ್ಚು.

ಮೂರನೆಯದು ಅನುಪ್ರೇಕ್ಷಾ, ಅಂದರೆ ಮನನ. ಹೆಚ್ಚಿನ ಹಾನಿ ಸಂಭವಿಸಿರುವುದು ಇಲ್ಲಿಯೇ. ತಾಳೆಗರಿಯ ಲಿಪಿಕಾರನು ಗ್ರಂಥವನ್ನು ಪ್ರತಿ ಮಾಡಬೇಕಾದರೆ ಅದರ ಒಂದೊಂದು ಅಕ್ಷರದ ಮೇಲೂ ಕಣ್ಣಾಡಿಸಬೇಕಾಗಿತ್ತು. ಇಂದು ಒಂದು ಸಂದೇಶವನ್ನು ನೂರು ಜನರಿಗೆ ಮುಂದೂಡುವವನು ಅದರ ಎರಡನೆಯ ಸಾಲನ್ನೂ ಓದಿರಬೇಕಾಗಿಲ್ಲ. ಓದದೆಯೇ ಪ್ರತಿ ಮಾಡುವ ಶಕ್ತಿ ಸಾಮಾನ್ಯ ಮನುಷ್ಯನ ಕೈಗೆ ಬಂದದ್ದು ಈ ಕಾಲದ ಹೊಸತನ. ಅದರ ಬೆಲೆಯನ್ನು ಕರ್ನಾಟಕವು ತೆತ್ತಿದೆ. 2018ರ ಜುಲೈ ತಿಂಗಳಲ್ಲಿ ಬೀದರ ಜಿಲ್ಲೆಯ ಹಳ್ಳಿಯೊಂದರಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಪರಊರಿನವರನ್ನು ಮಕ್ಕಳ ಕಳ್ಳರೆಂದು ಬಗೆದು ವಾಟ್ಸಾಪ್‌ನಲ್ಲಿ ಸುದ್ದಿ ಹಬ್ಬಿಸಲಾಯಿತು. ಮುಂದಿನ ಊರಿನಲ್ಲಿ ನೆರೆದ ಗುಂಪಿನ ಕೈಯಲ್ಲಿ ಹೈದರಾಬಾದಿನ ಒಬ್ಬ ಯುವ ಇಂಜಿನಿಯರ್ ಪ್ರಾಣ ಕಳೆದುಕೊಂಡ. ಅದೇ ತಿಂಗಳು ಆ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಮುಂದೂಡಬಹುದೆಂಬ ಮಿತಿಯನ್ನು ಪ್ರಕಟಿಸಿತು. 2020ರಲ್ಲಿ, ಹಲವು ಬಾರಿ ಮುಂದೂಡಲ್ಪಟ್ಟ ಸಂದೇಶಕ್ಕೆ ಆ ಮಿತಿಯನ್ನು ಒಂದಕ್ಕೆ ಇಳಿಸಿತು. ಸತ್ಯಾಣುವ್ರತವು ಬಹುಕಾಲದಿಂದ ಮನುಷ್ಯನ ನಾಲಗೆಗೆ ಹಾಕಿದ್ದ ಮಿತಿಯನ್ನು ಕಡೆಗೆ ಒಂದು ಯಂತ್ರಕ್ಕೆ ಹಾಕಬೇಕಾಯಿತು. ಕೈಯೆತ್ತಿ ಹೊಡೆದವನಷ್ಟೇ ಹಿಂಸಕನಲ್ಲ. ಮಾಡುವುದು, ಮಾಡಿಸುವುದು, ಅನುಮೋದಿಸುವುದು ಮೂರೂ ಕರ್ಮಬಂಧಕ್ಕೆ ಕಾರಣವೆಂದು ಕಲಿತ ಮನೆಗಳಲ್ಲಿ, ಪರಿಶೀಲಿಸದೆ ಒತ್ತಿದ ಒಂದು ಗುಂಡಿಯು ಯಾವ ಸಾಲಿಗೆ ಸೇರುತ್ತದೆಂಬ ವಿಚಾರ ನಡೆಯಬೇಕು.

ನಾಲ್ಕನೆಯದು ಆಮ್ನಾಯ: ಶುದ್ಧವಾದ ಪಠಣ. ಇಲ್ಲಿ ಪ್ರಶ್ನೆ ಭಾಷೆಯದು. ಗಣಕದಲ್ಲಿ ಕನ್ನಡಕ್ಕೆ ಸ್ಥಾನವಿಲ್ಲವೆಂಬ ಮಾತು ಹಳೆಯದಾಯಿತು. 1991ರ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಲಿಪಿಗೆ ನೆಲೆ ದೊರೆಯಿತು; ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವು ಕನ್ನಡದ ಬೆರಳಚ್ಚನ್ನು ಸುಲಭಗೊಳಿಸಿತು. ಕನ್ನಡ ವಿಕಿಪೀಡಿಯ 2003ರಲ್ಲಿಯೇ ಆರಂಭವಾಯಿತು. ಸಾಧನಗಳೆಲ್ಲ ಕೈಯಲ್ಲಿದ್ದರೂ ಬಹುಮಂದಿ ಕನ್ನಡದ ಮಾತನ್ನು ರೋಮನ್ ಅಕ್ಷರಗಳಲ್ಲಿಯೇ ಒತ್ತುತ್ತಾರೆ. ಬಲೆ, ಬಳೆ, ಬಾಲೆ, ಬಾಳೆ ಎಂಬ ನಾಲ್ಕು ಪದಗಳು ಆ ಬರಹದಲ್ಲಿ ಒಂದೇ ರೂಪ ತಾಳುತ್ತವೆ. ಸಂದರ್ಭದಿಂದ ಅರ್ಥ ತಿಳಿದೀತು, ನಿಜ. ಆದರೆ ಲಕಾರ ಳಕಾರಗಳ ಭೇದವನ್ನೂ ಹ್ರಸ್ವ ದೀರ್ಘಗಳ ಅಳತೆಯನ್ನೂ ಕೈ ಮರೆತರೆ, ಕಾಲಕ್ರಮದಲ್ಲಿ ಕಿವಿಯೂ ಮರೆಯುತ್ತದೆ, ನಾಲಗೆಯೂ ಮರೆಯುತ್ತದೆ. ಸ್ತೋತ್ರವನ್ನು ಅಜ್ಜಿಯ ಬಾಯಿಂದ ಕೇಳಿ ಕಲಿತ ಮಗುವಿಗೆ ಉಚ್ಚಾರಣೆಯ ದೋಷವನ್ನು ತಿದ್ದುವವರು ಎದುರಿಗೇ ಇದ್ದರು. ಪರದೆಯು ಹಾಡುತ್ತದೆ, ತಿದ್ದುವುದಿಲ್ಲ.

ಐದನೆಯದಾದ ಧರ್ಮೋಪದೇಶಕ್ಕೆ ಮಾತ್ರ ಬರವಿಲ್ಲ. ಬೆಳಗಿನ ಜಾವದಿಂದ ಹಿತನುಡಿಗಳ ಮಳೆ ಸುರಿಯುತ್ತದೆ. ಕ್ಷಮಾವಣಿಯ ದಿನವನ್ನು ನೋಡಿದರೆ ಸಾಕು. ವರ್ಷವಿಡೀ ಮುಖ ತಿರುಗಿಸಿಕೊಂಡಿದ್ದ ದಾಯಾದಿಯ ಮನೆಯ ಹೊಸ್ತಿಲನ್ನು ತುಳಿದು ಕೈಮುಗಿಯುವುದು ಆ ದಿನದ ಅರ್ಥ. ಇಂದು 'ಉತ್ತಮ ಕ್ಷಮಾ' ಎಂದು ಬರೆದ ಒಂದು ಚಿತ್ರವು ಇನ್ನೂರು ಜನರಿಗೆ ಏಕಕಾಲದಲ್ಲಿ ತಲುಪುತ್ತದೆ. ಅದರಲ್ಲಿ ಯಾರ ಹೆಸರೂ ಇಲ್ಲ, ಯಾವ ತಪ್ಪಿನ ನೆನಪೂ ಇಲ್ಲ. ಆ ದಾಯಾದಿಗೂ ಅದು ತಲುಪಿರುತ್ತದೆ. ಅವನೂ ಮರಳಿ ಅಂತಹದೇ ಚಿತ್ರ ಕಳುಹಿಸಿರುತ್ತಾನೆ. ವೈರ ಇದ್ದಲ್ಲಿಯೇ ಇರುತ್ತದೆ. ಹೆಸರಿಲ್ಲದ ಕ್ಷಮೆಯು ಯಾರನ್ನೂ ಬಿಡುಗಡೆ ಮಾಡಲಾರದು.

ಹೀಗೆ ಮೊದಲ ಅಂಗವೂ ಕೊನೆಯ ಅಂಗವೂ ಕೊಬ್ಬಿ, ನಡುವಿನ ಮೂರು ಸೊರಗಿವೆ. ಓದಿದ್ದು ಪ್ರಶ್ನೆಯಾಗದೆ, ಮನನವಾಗದೆ, ಕಂಠಗತವಾಗದೆ ನೇರವಾಗಿ ಉಪದೇಶವಾಗಿ ಹೊರಬೀಳುತ್ತಿದೆ.

ದೋಷವು ಮನುಷ್ಯನದೇ ಹೊರತು ಉಪಕರಣದ್ದಲ್ಲ, ಚಾಕುವಿನಿಂದ ಹಣ್ಣನ್ನೂ ಹೆಚ್ಚಬಹುದು ಎಂಬ ವಾದವಿದೆ. ಅದು ಅರ್ಧ ಸತ್ಯ. ಚಾಕು ತನ್ನನ್ನು ಹಿಡಿದುಕೊಂಡೇ ಇರೆಂದು ಯಾರನ್ನೂ ಒಲಿಸುವುದಿಲ್ಲ. ಹಳೆಯ ಕಾವ್ಯಕ್ಕೆ ಆಶ್ವಾಸಗಳಿದ್ದವು, ಓದುಗನು ಉಸಿರು ತೆಗೆದುಕೊಳ್ಳಲು ತಾಣಗಳಿದ್ದವು, ಕೊನೆಗೆ ಮಂಗಳವಿತ್ತು. ಪರದೆಯ ಪುಟಕ್ಕೆ ಕೊನೆಯೇ ಇಲ್ಲ. ಹೀಗೆ ಮುಗಿಯದೆ ಉರುಳುವ ಪುಟವನ್ನು 2006ರಲ್ಲಿ ರೂಪಿಸಿದ ಅಜಾ ರಾಸ್ಕಿನ್ ಅವರೇ ಅದರ ಪರಿಣಾಮದ ಬಗೆಗೆ ಮುಂದೆ ಬಹಿರಂಗವಾಗಿ ವಿಷಾದಿಸಿದರು. ನೋಡುಗನ ಗಮನವನ್ನೇ ಜಾಹೀರಾತಿಗೆ ಮಾರಿ ಬದುಕುವ ಉದ್ಯಮಕ್ಕೆ ಅವನ ತೃಪ್ತಿಯೇ ನಷ್ಟ. ಆದ್ದರಿಂದ ಇಲ್ಲಿ ಪರಿಗ್ರಹವು ಬಳಸುವವನ ದೌರ್ಬಲ್ಯವಷ್ಟೇ ಅಲ್ಲ, ವಸ್ತುವಿನ ವಿನ್ಯಾಸದಲ್ಲಿಯೇ ಹೊಸೆದುಕೊಂಡಿದೆ.

ಉಪಕರಣವನ್ನು ತ್ಯಜಿಸುವುದು ಗೃಹಸ್ಥರಿಗೆ ಸಾಧ್ಯವೂ ಅಲ್ಲ, ಅಗತ್ಯವೂ ಅಲ್ಲ. ಪರಿಮಾಣವೇ ಶ್ರಾವಕನ ಮಾರ್ಗ. ದೇವಾಲಯಗಳ ಆಡಳಿತ ಮಂಡಳಿಗಳು ತಮ್ಮ ಭಂಡಾರದ ಹಸ್ತಪ್ರತಿಗಳನ್ನು ಬೀಗದೊಳಗೆ ಗೆದ್ದಲಿಗೆ ಒಪ್ಪಿಸುವುದೂ ತಪ್ಪು. ಹೆಸರು, ಕಾಲ, ಪುಟಸಂಖ್ಯೆ, ಪ್ರತಿಯ ಮೂಲಗಳಾವುವನ್ನೂ ನಮೂದಿಸದೆ ಚಿತ್ರ ತೆಗೆದು ತೂರಿಬಿಡುವುದೂ ತಪ್ಪು. ಸೂಚಿಯೊಡನೆ ಮಾಡಿದ ಪ್ರತಿಯೇ ಶಾಸ್ತ್ರದಾನ. ಬಸದಿಯ ಅಂಗಳದಲ್ಲಿ ವಾರಕ್ಕೆ ಒಂದು ಸಂಜೆ ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಿ ಪ್ರಶ್ನಿಸುವ ಪದ್ಧತಿಯನ್ನು ಮರಳಿ ತರಲು ಹಣವೇನೂ ಬೇಕಾಗಿಲ್ಲ. ಮನೆಗಳಲ್ಲಿ ಹಿರಿಯರು ತಾವು ಪರದೆಯಿಂದ ಕಣ್ಣೆತ್ತದೆ ಮಕ್ಕಳಿಗೆ ಸಂಯಮ ಬೋಧಿಸಿದರೆ ಅದು ಫಲಿಸದು. ಸೂರ್ಯಾಸ್ತದೊಳಗೆ ಊಟ ಮುಗಿಸುವ ನಿಯಮವನ್ನು ಪಾಲಿಸಬಲ್ಲ ಮನೆಗೆ, ರಾತ್ರಿಯ ಒಂದು ಗಳಿಗೆಯ ಬಳಿಕ ಪರದೆಯನ್ನು ಮುಚ್ಚುವ ನಿಯಮ ದುಸ್ಸಾಧ್ಯವಾಗಲಾರದು.

ಅತ್ತಿಮಬ್ಬೆಯ ಸಾವಿರ ಪ್ರತಿಗಳು ಇಂದು ಒಂದು ಬೆರಳಿನ ಕೆಲಸ. ಆದರೆ ಆಕೆಯು ಮೊದಲು ಮಾಡಿದ್ದು ಪ್ರತಿಗಳನ್ನಲ್ಲ; ಯಾವ ಗ್ರಂಥ ಉಳಿಯತಕ್ಕದ್ದು ಎಂಬ ನಿರ್ಣಯವನ್ನು. ಆ ನಿರ್ಣಯವನ್ನು ಯಾವ ಯಂತ್ರಕ್ಕೂ ವಹಿಸಿಕೊಡಲಾಗದು.