ಕಲ್ಲುಹೂವಿನ ಔಷಧಗುಣ: ಒಂದು ಐತಿಹಾಸಿಕ ವಾದದ ವಿಮರ್ಶೆ

ವೈದ್ಯಶಾಸ್ತ್ರದ ಚರಿತ್ರೆಯನ್ನು ಕುರಿತು ಬರೆಯುವವರು ಒಂದು ವಾದವನ್ನು ಮತ್ತೆ ಮತ್ತೆ ಮುಂದಿಡುವುದನ್ನು ವಾಚಕರು ಗಮನಿಸಿರಬಹುದು. ಲೈಕೆನ್ನುಗಳಲ್ಲಿ, ಎಂದರೆ ನಮ್ಮ ಜನ ಕಲ್ಲುಹೂವೆಂದು ಕರೆಯುವ ಜೀವವರ್ಗದಲ್ಲಿ, ಬ್ಯಾಕ್ಟೀರಿಯಗಳನ್ನು ತಡೆಯುವ ವಸ್ತುಗಳಿರುವುದು ಪ್ರಯೋಗಶಾಲೆಗಳಲ್ಲಿ ಸಿದ್ಧವಾಗಿದೆ. ಪ್ರಾಚೀನರು ಲೈಕೆನ್ನುಗಳನ್ನು ಔಷಧವಾಗಿ ಬಳಸಿದ್ದರು. ಆದುದರಿಂದ ಈ ಗುಣವು ಪ್ರಾಚೀನರಿಗೆ ತಿಳಿದಿತ್ತು. ಇದು ಆ ವಾದದ ಸ್ವರೂಪ. ನಾವೂ ಕೆಲವು ವರ್ಷ ಇದನ್ನು ತರಗತಿಯಲ್ಲಿ ನಿಸ್ಸಂಕೋಚವಾಗಿ ಹೇಳಿದ್ದುಂಟು. ವಿದ್ಯಾರ್ಥಿಯೊಬ್ಬನು, ‘ಅವರು ಬಳಸಿದ್ದು ಯಾವ ಕಲ್ಲುಹೂವು?’ ಎಂದು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಯ ಋಣವನ್ನು ತೀರಿಸುವುದೇ ಪ್ರಕೃತ ಲೇಖನದ ಉದ್ದೇಶ.

ವಾದದ ಮೊದಲ ಅಂಗವು ನಿಜವೆಂಬುದರಲ್ಲಿ ಸಂದೇಹವಿಲ್ಲ. ಲೈಕೆನ್ನು ಒಂದೇ ಸಸ್ಯವಲ್ಲ, ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಸಂಸಾರವೆಂದು ಸ್ವಿಟ್ಜರ್ಲೆಂಡಿನ ಶ್ವೆಂಡನರ್ 1867ರಲ್ಲಿ ಪ್ರತಿಪಾದಿಸಿದನು. ಇದರ ವಿಶಿಷ್ಟ ರಾಸಾಯನಿಕಗಳನ್ನು ಬಹುಮಟ್ಟಿಗೆ ತಯಾರಿಸುವುದು ಶಿಲೀಂಧ್ರದ ಭಾಗವೇ. ಇವುಗಳಲ್ಲಿ ಪ್ರಸಿದ್ಧವಾದ, ಹಳದಿ ಹರಳಿನ ರೂಪದ ಅಸ್ನಿಕ್ ಆಮ್ಲವನ್ನು ಕ್ನೊಪ್ ಎಂಬ ಜರ್ಮನ್ ರಸಾಯನವಿಜ್ಞಾನಿ 1844ರಲ್ಲಿ ಬೇರ್ಪಡಿಸಿದನು. ಸರಿಯಾಗಿ ನೂರು ವರ್ಷಗಳ ಮೇಲೆ, ಪೆನಿಸಿಲಿನ್ನಿನ ಯಶಸ್ಸು ಜಗತ್ತಿನ ಕಣ್ಣನ್ನು ಶಿಲೀಂಧ್ರಗಳತ್ತ ತಿರುಗಿಸಿದ್ದ 1944ರಲ್ಲಿ, ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಬರ್ಕ್‌ಹೋಲ್ಡರ್ ಮತ್ತು ಸಂಗಡಿಗರು 42 ಲೈಕೆನ್ನುಗಳನ್ನು ಪರೀಕ್ಷಿಸಿ, ಅವುಗಳಲ್ಲಿ 27 ಬ್ಯಾಕ್ಟೀರಿಯಗಳ ಬೆಳವಣಿಗೆಯನ್ನು ತಡೆಯುತ್ತವೆಂದು ಪ್ರಕಟಿಸಿದರು. ಕೀವಿಗೆ ಕಾರಣವಾಗುವ ಸ್ಟಫೈಲೊಕಾಕಸ್, ಕ್ಷಯದ ಬ್ಯಾಸಿಲಸ್ ಮೊದಲಾದವು ಗಾಜಿನ ತಟ್ಟೆಯಲ್ಲಿ ಅಸ್ನಿಕ್ ಆಮ್ಲಕ್ಕೆ ಮಣಿಯುತ್ತವೆ. ಕೋಶಕ್ಕೆ ಹೆಚ್ಚಿನ ಹೊರಪೊರೆಯುಳ್ಳ ಎಶ್ಚರೀಷಿಯ ಕೋಲಿಯಂಥವು ಬಹುಮಟ್ಟಿಗೆ ಮಣಿಯುವುದಿಲ್ಲ. ಒಂದು ಲೈಕೆನ್ನಿನಲ್ಲಿರುವ ವಸ್ತು ಇನ್ನೊಂದರಲ್ಲಿ ಇರಲೇಬೇಕೆಂಬ ನಿಯಮವೂ ಇಲ್ಲ. ಈ ಎರಡು ಮಿತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಚರಿತ್ರೆಯ ಸಾಕ್ಷ್ಯಕ್ಕೆ ಬರಬೇಕು.

ಮೊದಲು ಯೂರೋಪನ್ನು ನೋಡೋಣ. ಅಲ್ಲಿ ಬಹುಕಾಲ ಆಳಿದ್ದು ಸಾದೃಶ್ಯದ ಸಿದ್ಧಾಂತ: ವಸ್ತುವಿನ ಆಕಾರವೇ ಅದರ ಉಪಯೋಗದ ಗುರುತು. ಲೊಬೇರಿಯ ಪಲ್ಮನೇರಿಯ ಎಂಬ ಲೈಕೆನ್ನು ಶ್ವಾಸಕೋಶವನ್ನು ಹೋಲುವುದರಿಂದ ಅದು ಶ್ವಾಸರೋಗಗಳಿಗೆ ಮದ್ದಾಯಿತು. ಸತ್ತವರ ತಲೆಬುರುಡೆಯ ಮೇಲೆ ಬೆಳೆದ ಹಾವಸೆಗೂ ಲೈಕೆನ್ನಿಗೂ ಹದಿನೇಳನೆಯ ಶತಮಾನದಲ್ಲಿ ವಿಶೇಷ ಬೆಲೆಯಿತ್ತು. ರಸಾಯನಶಾಸ್ತ್ರದ ಪ್ರವರ್ತಕರಲ್ಲೊಬ್ಬನಾದ ರಾಬರ್ಟ್ ಬಾಯ್ಲ್‌ನಂಥವನೇ, ಇಂಥ ಹಾವಸೆಯನ್ನು ಕೈಯಲ್ಲಿ ಹಿಡಿದುಕೊಂಡಾಗ ತನ್ನ ಮೂಗಿನ ರಕ್ತ ನಿಂತಿತೆಂದು ಬರೆದಿದ್ದಾನೆ. ಮುಷ್ಟಿಯಲ್ಲಿ ಹಿಡಿದ ವಸ್ತುವಿನ ಆಮ್ಲವು ಮೂಗಿನ ರಕ್ತನಾಳಕ್ಕೆ ಏನನ್ನು ತಾನೇ ಮಾಡೀತು? ಅನುಭವವು ಪ್ರಾಮಾಣಿಕವಾಗಿದ್ದೂ ಅದರಿಂದ ತೆಗೆದ ತೀರ್ಮಾನ ತಪ್ಪಾಗಿರಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಾಗಿಲ್ಲ.

ನಮ್ಮ ದೇಶದ ಸಾಕ್ಷ್ಯವು ಇದಕ್ಕಿಂತ ಗೌರವಾರ್ಹವಾದುದು. ಆದರೆ ಅದನ್ನು ಓದುವಲ್ಲಿ ಎಚ್ಚರ ಬೇಕು. ಚರಕಸಂಹಿತೆಯಲ್ಲಿ ಶೀತಜ್ವರಕ್ಕೆ ಮೈಗೆ ಹಚ್ಚುವ ಅಗುರ್ವಾದಿ ತೈಲದ ದ್ರವ್ಯಗಳಲ್ಲಿ ಅಗುರು, ಕುಷ್ಠ, ತಗರಗಳೊಡನೆ ಶೈಲೇಯವೂ ಸೇರಿದೆ. ಅಮರಕೋಶವು ಶೈಲೇಯಕ್ಕೆ ಅಶ್ಮಪುಷ್ಪವೆಂಬ ಪರ್ಯಾಯವನ್ನು ಕೊಡುತ್ತದೆ. ಇದು ಅಕ್ಷರಶಃ ನಮ್ಮ ಕಲ್ಲುಹೂವೇ. ಆದರೆ ಅದೇ ಕೋಶವು ಶೈಲೇಯಕ್ಕೆ ಹೇಳುವ ಶೀತಶಿವವೆಂಬ ಹೆಸರನ್ನು ಸೈಂಧವಲವಣಕ್ಕೂ ಹೇಳುತ್ತದೆ. ಹೆಸರನ್ನು ಹಿಡಿದು ವಸ್ತುವನ್ನು ನಿರ್ಣಯಿಸುವುದು ಎಷ್ಟು ಅಪಾಯಕರವೆಂದು ಬೇರೆ ಹೇಳಬೇಕಾಗಿಲ್ಲ.

ಶೈಲೇಯವು ಲೈಕೆನ್ನೇ ಎಂದು ಒಪ್ಪೋಣ. ಇಂದು ನಮ್ಮ ಅಂಗಡಿಗಳಲ್ಲಿ ಮಸಾಲೆಗೆಂದು ದೊರೆಯುವ ಕಲ್ಲುಹೂವು ಬಹುಶಃ ಪಾರ್ಮೊಟ್ರೀಮ ಮತ್ತು ಅದರ ಬಳಗಕ್ಕೆ ಸೇರಿದುದು. ಪಾರ್ಮೊಟ್ರೀಮ ಟಿಂಕ್ಟೋರಮ್‌ನಲ್ಲಿ ಮುಖ್ಯವಾಗಿರುವುವು ಅಟ್ರನೊರಿನ್ ಮತ್ತು ಲೆಕನೊರಿಕ್ ಆಮ್ಲ, ಅಸ್ನಿಕ್ ಆಮ್ಲವಲ್ಲ. ಅಸ್ನಿಕ್ ಆಮ್ಲವು ಹೇರಳವಾಗಿರುವುದು ಕೊಂಬೆಗಳಿಂದ ಗಡ್ಡದಂತೆ ಜೋಲುವ ಅಸ್ನಿಯದಲ್ಲಿ. ಒಂದರ ಕೀರ್ತಿಯನ್ನು ಇನ್ನೊಂದಕ್ಕೆ ಕಟ್ಟುವುದು ನ್ಯಾಯವಲ್ಲ. ಅಸ್ನಿಕ್ ಆಮ್ಲವು ನೀರಿನಲ್ಲಿ ಕರಗುವುದು ಅತ್ಯಲ್ಪವಾದುದರಿಂದ ಕಷಾಯದ ವಿಷಯದಲ್ಲಿಯೂ ಈ ವಾದ ದುರ್ಬಲ. ಚರಕನು ಹೇಳಿದ್ದು ತೈಲವಾದುದರಿಂದ ಮಾಧ್ಯಮದ ಮಟ್ಟಿಗೆ ವಾದಕ್ಕೆ ಅನುಕೂಲವುಂಟೆಂದು ನಾವು ಒಪ್ಪುತ್ತೇವೆ. ಆದರೆ ಆ ಪಟ್ಟಿಯಲ್ಲಿ ಶೈಲೇಯದ ನೆರೆಯಲ್ಲಿರುವುವು ಸುಗಂಧದ್ರವ್ಯಗಳು. ಅದರ ಉದ್ದೇಶ ಚಳಿ ಹಿಡಿದ ಮೈಯನ್ನು ಬೆಚ್ಚಗಾಗಿಸುವುದು, ಹುಣ್ಣಿನ ಕೀವನ್ನು ತಡೆಯುವುದಲ್ಲ.

ಹಾಗಾದರೆ ಪರಂಪರೆಯ ಜ್ಞಾನವೆಲ್ಲ ಟೊಳ್ಳೇ? ಅಲ್ಲ. ಐಸ್‌ಲೆಂಡಿನ ಹಾವಸೆಯೆಂದು ತಪ್ಪು ಹೆಸರು ಹೊತ್ತ ಸಿಟ್ರೇರಿಯ ಐಸ್‌ಲಾಂಡಿಕ ಎಂಬ ಲೈಕೆನ್ನನ್ನು ಉತ್ತರ ಯೂರೋಪಿನ ಜನ ಕುದಿಸಿ ಕೆಮ್ಮಿಗೆ ಕುಡಿಯುತ್ತಿದ್ದರು. ನೀರಿನಲ್ಲಿ ಕುದಿಸಿದಾಗ ಲೈಕೆನಿನ್ ಮೊದಲಾದ ಪಿಷ್ಟಸದೃಶ ವಸ್ತುಗಳು ಲೋಳೆಯಾಗಿ ಬಿಟ್ಟುಕೊಂಡು ಗಂಟಲಿಗೆ ಹಿತವನ್ನುಂಟುಮಾಡುತ್ತವೆ. ಇಲ್ಲಿ ವಸ್ತು, ತಯಾರಿಕೆ, ಉದ್ದೇಶ ಮೂರೂ ಹೊಂದಿಕೊಳ್ಳುತ್ತವೆ. ಆ ಜನರಿಗೆ ಬ್ಯಾಕ್ಟೀರಿಯ ತಿಳಿದಿರಲಿಲ್ಲ. ತಿಳಿದಿತ್ತೆಂದು ನಾವು ಆರೋಪಿಸಬೇಕಾಗಿಯೂ ಇಲ್ಲ. ಅವರಿಗೆ ತಿಳಿದದ್ದಿಷ್ಟೇ ತಕ್ಕ ಗೌರವಕ್ಕೆ ಸಾಕು.

ಇದು ಪಂಡಿತರ ಪದಜಗಳವೆಂದು ಯಾರಾದರೂ ಭಾವಿಸುವುದಾದರೆ ಒಂದು ಘಟನೆಯನ್ನು ನೆನಪಿಸಬೇಕಾಗಿದೆ. ಸೋಡಿಯಮ್ ಅಸ್ನೇಟ್ ಬೆರೆತ, ದೇಹದ ತೂಕವನ್ನಿಳಿಸುವ ಒಂದು ತಯಾರಿಕೆಯನ್ನು ಸೇವಿಸಿದವರಲ್ಲಿ ಯಕೃತ್ತಿಗೆ ತೀವ್ರ ಹಾನಿ ಕಂಡುಬಂದುದರಿಂದ 2001ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಸಾರ್ವಜನಿಕರನ್ನು ಎಚ್ಚರಿಸಿತು. ಆ ತಯಾರಿಕೆಯಲ್ಲಿ ಬೇರೆ ದ್ರವ್ಯಗಳೂ ಇದ್ದುವು. ಆದರೂ ಜೀವಕೋಶವು ಆಹಾರದಿಂದ ಶಕ್ತಿಯನ್ನು ಕೂಡಿಡುವ ಕ್ರಿಯೆಯನ್ನು ಅಸ್ನಿಕ್ ಆಮ್ಲವು ಕೆಡಿಸುವುದೆಂದು ಪ್ರಯೋಗಗಳು ತೋರಿಸಿವೆ. ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯವನ್ನು ಕೊಂದ ಮಾತ್ರಕ್ಕೆ ವಸ್ತುವು ಔಷಧವಾಗದು; ಹಳೆಯ ಗ್ರಂಥದಲ್ಲಿ ಹೆಸರಿದ್ದ ಮಾತ್ರಕ್ಕೆ ನಿರಪಾಯವೂ ಆಗದು.

ಇಂದು ಮದ್ದುಗಳಿಗೆ ಮಣಿಯದ ಬ್ಯಾಕ್ಟೀರಿಯಗಳು ಹೆಚ್ಚುತ್ತಿರುವಾಗ ಲೈಕೆನ್ನುಗಳ ಶೋಧನೆ ಅವಶ್ಯವಾಗಿ ನಡೆಯಬೇಕು. ಅದನ್ನು ನಡೆಸುವ ರಸಾಯನಜ್ಞರಿಗೆ ಚರಿತ್ರಕಾರನು ಮಾಡಬಹುದಾದ ಸಹಾಯವೆಂದರೆ ಹಳೆಯ ಗ್ರಂಥವು ಹೇಳಿದ್ದೆಷ್ಟು, ಹೇಳದಿದ್ದುದೆಷ್ಟು ಎಂಬುದನ್ನು ನಿಷ್ಠುರವಾಗಿ ಬೇರ್ಪಡಿಸಿಕೊಡುವುದು. ಯಾವ ವಸ್ತು, ಹೇಗೆ ತಯಾರಿಸಿದ್ದು, ಯಾವ ರೋಗಕ್ಕೆ: ಈ ಮೂರನ್ನು ಕೇಳದೆ ಆ ಹಳೆಯ ವಾಕ್ಯವನ್ನು ನಾವು ಇನ್ನು ತರಗತಿಯಲ್ಲಿ ಹೇಳಲಾರೆವು.