ಕಲ್ಯಾಣದ ಬೆಂಕಿ ನಮ್ಮ ಕೇರಿಗೆ ಎಷ್ಟು ದೂರ?

ಜಾತಿ ಜಾತಿ ಹೊಡೆದಾಡಿ ಈ ದೇಶದಲ್ಲಿ ಅಂತರ್ಯುದ್ಧ ಆದೀತೇ ಎಂದು ಕೇಳುವವರಿದ್ದಾರೆ. ನಮ್ಮ ಕೇರಿಯ ಮುದುಕಿಗೆ ಕೇಳಿದರೆ ಅಂದಾಳು: "ಅದೇನ್ ಹೊಸಾದು ಬರತೈತೇನೋ ತಮ್ಮಾ?"

ಟಿಕೋಟಾ, ಬಬಲೇಶ್ವರದ ಕೇರಿಗಳಿಂದ ಬಂದು ವಿಜಯಪುರದಲ್ಲಿ ಡಿಗ್ರಿ ಮುಗಿಸಿದ ನಾವು ಈ ಪ್ರಶ್ನೆ ಇಟ್ಟುಕೊಂಡೇ ಗಿರೀಶ ಕಾರ್ನಾಡರ 'ತಲೆದಂಡ' ಮತ್ತೆ ಓದಿದೆವು. 1990ರ ನಾಟಕ, ಮಂಡಲ್–ಮಂದಿರದ ಕಾಲದ್ದು. ಕಥೆ ಮಾತ್ರ ನಮ್ಮ ಜಿಲ್ಲೆಯ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನ ಕಲ್ಯಾಣದ್ದು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆ. ಅಷ್ಟಕ್ಕೇ ಪಟ್ಟಣ ಹೊತ್ತಿ ಉರಿಯಿತು. ರಕ್ತ ಹರಿಸಿದ್ದು ಮದುವೆಯಲ್ಲ, ಅದನ್ನು ತಾಳಲಾರದ ಮಂದಿ. ಇಷ್ಟನ್ನು ಖಡಾಖಂಡಿತವಾಗಿ ತೋರಿಸಿದ್ದು ನಾಟಕದ ದೊಡ್ಡಸ್ತಿಕೆ.

ಆದರೆ ನಾಟಕ ಅರಮನೆಯಲ್ಲೇ ಮುಗಿಯುತ್ತದೆ. ಬಿಜ್ಜಳ ಸತ್ತ, ಸೋವಿದೇವ ಪಟ್ಟಕ್ಕೇರಿದ, ಶರಣರಿಗೆ ಗಡೀಪಾರು. ತೆರೆ ಬಿತ್ತು. ಮರುದಿನ ಹರಳಯ್ಯನ ಓಣಿಯವರು ನೀರಿಗೆ ಎಲ್ಲಿಗೆ ಹೋದರು? ಯಾರ ಹೊಲದಲ್ಲಿ ಕೂಲಿ ಸಿಕ್ಕಿತು? ನಾಟಕ ಕೇಳುವುದಿಲ್ಲ. ನಮ್ಮ ತಕರಾರು ಇದೇ.

ಅಮೆರಿಕಾದಲ್ಲಿ ಗುಲಾಮಗಿರಿ ಉಳಿಸಿಕೊಳ್ಳಲು ದಕ್ಷಿಣದ ರಾಜ್ಯಗಳು ಒಕ್ಕೂಟ ಬಿಟ್ಟವು. 1861ರಿಂದ 1865ರ ತನಕ ಎರಡು ಸೈನ್ಯ ಕಾದಾಡಿದವು. ಜೋತಿಬಾ ಫುಲೆ 1873ರಲ್ಲಿ 'ಗುಲಾಮಗಿರಿ' ಪುಸ್ತಕವನ್ನು ಅಮೆರಿಕಾದ ಜನರಿಗೆ ಅರ್ಪಿಸಿದ್ದು ಸುಮ್ಮನೆ ಅಲ್ಲ. ಆದರೆ ನಮ್ಮಲ್ಲಿ ಆ ಗೆರೆ ರಾಜ್ಯದ ಗಡಿಯಲ್ಲಿಲ್ಲ. ಊರಿಗೂ ಕೇರಿಗೂ ನಡುವೆ ಐತಿ, ಹಳ್ಳಿ ಹಳ್ಳಿಯೊಳಗೂ ಐತಿ. ಎರಡು ಸೈನ್ಯ ಎದುರು ನಿಲ್ಲುವ ಬಯಲೇ ಇಲ್ಲ. ದ್ರಾಕ್ಷಿ ತೋಟ ಅವರದು, ಕಿರಾಣಿ ಅಂಗಡಿ ಅವರದು. ನಮ್ಮದು ರಟ್ಟೆ ಮಾತ್ರ. ಹಾಗಾಗಿ ಇಲ್ಲಿ ಯುದ್ಧ ಸಾರಿ ಬರುವುದಿಲ್ಲ. ಒಂದೊಂದು ಊರಿಗೆ ಒಂದೊಂದು ರಾತ್ರಿ ಬರುತ್ತದೆ.

2000ದಲ್ಲಿ ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. 2014ರಲ್ಲಿ ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ಗುಡಿಸಲು ಸುಟ್ಟರು. ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಡುವಷ್ಟರಲ್ಲಿ 2024 ಬಂದಿತ್ತು. ಇವಕ್ಕೆಲ್ಲ 'ಗಲಾಟೆ' ಅಂತ ಹೆಸರು. ನಾವು ಕೈ ಅಡ್ಡ ಹಿಡಿದರೆ ಮಾತ್ರ ಅದು 'ಅಂತರ್ಯುದ್ಧ'. ಶಬ್ದಕ್ಕೂ ಜಾತಿ ಐತಿ, ಗೆಳೆಯರೆ.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಎಚ್ಚರಿಸಿದ್ದರು: ಸಾಮಾಜಿಕ, ಆರ್ಥಿಕ ಅಸಮಾನತೆಯನ್ನು ಬೇಗ ಅಳಿಸದಿದ್ದರೆ ಅದನ್ನು ಉಂಡವರೇ ಈ ಪ್ರಜಾಪ್ರಭುತ್ವದ ಕಟ್ಟಡವನ್ನು ಸಿಡಿಸಿಯಾರು ಎಂದು. ಅದು ಬೆದರಿಕೆಯಲ್ಲ, ಕಟ್ಟಿದವನ ಸಂಕಟ. ನಮಗೆ ಯುದ್ಧ ಬೇಡ. ಯುದ್ಧವಾದರೆ ಮೊದಲು ಉರಿಯುವುದು ನಮ್ಮ ಗುಡಿಸಲೇ. ಆದರೆ ಗೆರೆ ಹಾಗೇ ಉಳಿಸಿಕೊಂಡು ಶಾಂತಿ ಶಾಂತಿ ಅನ್ನುವವರ ಜೊತೆ ನಾವಿಲ್ಲ.

ಮಾಸ್ತರರೆ, ನಿಮ್ಮೂರಲ್ಲಿ 'ತಲೆದಂಡ' ಆಡಿಸಿರಿ. ಗುಡಿ ಕಟ್ಟೆ ಮ್ಯಾಲೆ ಬ್ಯಾಡ. ಊರಿಗೂ ಕೇರಿಗೂ ನಡುವಿನ ಆ ಗೆರೆ ಮ್ಯಾಲೆ ಆಡಿಸಿರಿ. ಯಾರು ಯಾರ ಮಗ್ಗಲಿಗೆ ಕೂಡ್ತಾರ ನೋಡ್ರಿ. ಅಂತರ್ಯುದ್ಧ ಆದೀತೇ ಎಂಬ ಪ್ರಶ್ನೆಗೆ ಉತ್ತರ ಅಲ್ಲೇ ಸಿಗತೈತಿ.