ಎಂಟು ಸಾಲಿನ ಚೀಟಿ: ಬರ್ನಿಂಗ್ ಮ್ಯಾನ್ ಸುತ್ತುವವರ ಹೆಗಲಚೀಲಕ್ಕೊಂದು ವ್ಯಾಖ್ಯಾನ

ಅಮೆರಿಕದ ನೆವಾಡಾ ರಾಜ್ಯದ ಬ್ಲ್ಯಾಕ್ ರಾಕ್ ಮರುಭೂಮಿಯಲ್ಲಿ ಪ್ರತಿ ವರ್ಷ ಆಗಸ್ಟ್ ಕೊನೆಗೆ ಒಂದು ಊರು ಎದ್ದು ನಿಲ್ಲುತ್ತದೆ. ಸೆಪ್ಟೆಂಬರಿನ ಮೊದಲ ಸೋಮವಾರದ ಹೊತ್ತಿಗೆ ಜನ ಗಂಟುಮೂಟೆ ಕಟ್ಟುತ್ತಾರೆ. ಬರ್ನಿಂಗ್ ಮ್ಯಾನ್ ಎಂಬ ಈ ಉತ್ಸವ ಶುರುವಾದದ್ದು 1986ರಲ್ಲಿ, ಸ್ಯಾನ್‌ಫ್ರಾನ್ಸಿಸ್ಕೋದ ಬೇಕರ್ ಬೀಚ್‌ನಲ್ಲಿ. ಲ್ಯಾರಿ ಹಾರ್ವೆ, ಜೆರ್ರಿ ಜೇಮ್ಸ್ ಎಂಬ ಗೆಳೆಯರು ಎಂಟಡಿ ಎತ್ತರದ ಮರದ ಮನುಷ್ಯನನ್ನು ಕಡಲ ದಂಡೆಯಲ್ಲಿ ಸುಟ್ಟರು. 1990ರಲ್ಲಿ ಉತ್ಸವ ಮರುಭೂಮಿಗೆ ಹೋಯಿತು. ಈಗ ಎಪ್ಪತ್ತು ಸಾವಿರದಷ್ಟು ಜನ ಸೇರುತ್ತಾರೆ. ಬೇ ಏರಿಯಾದ ಕನ್ನಡಿಗರಿಗೆ ಇದು ಆಫೀಸಿನಲ್ಲಿ ಕೇಳಿ ಪರಿಚಯವಿರುವ ಹೆಸರು. 1998ರಲ್ಲಿ ಬಂದ ಗೂಗಲ್‌ನ ಮೊಟ್ಟಮೊದಲ ಡೂಡಲ್ ಕೂಡ, ಕಂಪನಿ ಕಟ್ಟಿದ ಇಬ್ಬರೂ ಈ ಉತ್ಸವಕ್ಕೆ ಹೋಗಿದ್ದಾರೆ ಎಂದು ತಿಳಿಸಲು ಹಾಕಿದ್ದೇ.

ಹೊಸದಾಗಿ ಹೋಗುವವರು ಡೇರೆ, ಅಡುಗೆ ಸಾಮಾನು, ಸೈಕಲ್ ಎಂದು ತಿಂಗಳುಗಟ್ಟಲೆ ತಯಾರಿ ನಡೆಸುತ್ತಾರೆ. ಡೇರೆಯಿಂದ ಸುತ್ತಾಡಲು ಹೊರಬಿದ್ದಾಗ ಮೈಮೇಲೆ ಏನಿರಬೇಕು ಎಂದು ಯೋಚಿಸುವವರು ಕಡಿಮೆ. ಕಷ್ಟಕ್ಕೆ ಸಿಕ್ಕಿಕೊಳ್ಳುವುದು ಅಲ್ಲಿಯೇ. ಊರಿನ ಸುತ್ತ ಹಾಕುವ ಬೇಲಿಯ ಉದ್ದವೇ 14 ಕಿಲೋಮೀಟರಿಗೂ ಹೆಚ್ಚು. ಅರ್ಧ ಗಂಟೆಯಲ್ಲಿ ಬರುತ್ತೇನೆಂದು ಹೊರಟವರು ಮರಳುವುದು ನಡುರಾತ್ರಿಗೆ. ಅಂಥವರಿಗಾಗಿ ಎಂಟು ಸಾಲಿನ ಒಂದು ಚೀಟಿ ಬರೆದಿದ್ದೇನೆ. ಸಾಲು ಚಿಕ್ಕದಿದ್ದರೆ ನೆನಪಿನಲ್ಲಿ ಉಳಿಯುತ್ತದೆ, ಆದರೆ ಕಾರಣ ಗೊತ್ತಿಲ್ಲದೆ ಯಾರೂ ಪಾಲಿಸುವುದಿಲ್ಲ. ಅದಕ್ಕೇ ಈ ವ್ಯಾಖ್ಯಾನ.

1. ನೀರು ಹೆಗಲೇರಿದ ಮೇಲೆಯೇ ಡೇರೆ ದಾಟುವುದು.

ಕುಡಿಯಲು, ಅಡುಗೆಗೆ, ತೊಳೆಯಲು ಎಲ್ಲ ಸೇರಿ ತಲೆಗೆ ದಿನಕ್ಕೆ ಒಂದೂವರೆ ಗ್ಯಾಲನ್, ಅಂದರೆ ಐದೂವರೆ ಲೀಟರಿಗೂ ಹೆಚ್ಚು ನೀರು ಬೇಕು ಎಂಬುದು ಅಲ್ಲಿಯ ಲೆಕ್ಕ. ಅದರಲ್ಲಿ ಎರಡು ಲೀಟರಾದರೂ ಸುತ್ತಾಟಕ್ಕೆ ಹೊರಟವರ ಬೆನ್ನ ಮೇಲಿರಬೇಕು. ಮಂಗಳೂರಿನ ಸೆಕೆಯಲ್ಲಿ ಬೆಳೆದವರಿಗೆ ಬೆವರು ಇಳಿದರೆ ಬಾಯಾರಿಕೆಯ ನೆನಪಾಗುತ್ತದೆ. ಇಲ್ಲಿ ಬೆವರು ಕಣ್ಣಿಗೇ ಬೀಳುವುದಿಲ್ಲ. ಗಾಳಿ ಅಷ್ಟು ಒಣ, ಚರ್ಮದಿಂದ ಹೊರಬಂದ ನೀರು ಅಲ್ಲೇ ಆರಿಹೋಗುತ್ತದೆ. ಜಾಗ ಸಮುದ್ರಮಟ್ಟದಿಂದ ಸುಮಾರು 1,190 ಮೀಟರ್ ಎತ್ತರದಲ್ಲಿದೆ. ಬಿಸಿಲು ಮೇಲಿನಿಂದ ಹೊಡೆಯುವುದಲ್ಲದೆ ಬೆಳ್ಳಗಿನ ನೆಲದಿಂದ ಮುಖಕ್ಕೂ ಎರಚುತ್ತದೆ. ಮಧ್ಯಾಹ್ನ 38 ಡಿಗ್ರಿ ದಾಟುವುದು ಮಾಮೂಲು.

ತಲೆನೋವು, ಕಾರಣವಿಲ್ಲದ ಸಿಡಿಮಿಡಿ, ಮೂತ್ರದ ಬಣ್ಣ ಗಾಢವಾಗುವುದು: ಇವು ನೀರು ಸಾಲದೆ ಬಂದಿರುವ ಸೂಚನೆ. ಜೊತೆಯಲ್ಲಿರುವವರು ಸಣ್ಣ ಮಾತಿಗೆ ರೇಗಿದರೆ ಜಗಳಕ್ಕೆ ನಿಲ್ಲದೆ ಮೊದಲು ನೀರು ಕುಡಿಸಿ. ಬರೀ ನೀರನ್ನೇ ಗಟಗಟ ಕುಡಿಯುತ್ತಿದ್ದರೂ ಮೈಯೊಳಗಿನ ಉಪ್ಪು ತೀರಾ ತೆಳುವಾಗಿ ಅಪಾಯವಾಗಬಹುದು. ಎರಡು ಓಆರ್‌ಎಸ್ ಪೊಟ್ಟಣ, ಉಪ್ಪು ಹಾಕಿದ ಕಡಲೆಬೀಜ ಚೀಲದಲ್ಲಿರಲಿ. ಅಂಗಡಿಯಲ್ಲಿ ಕೊಂಡರಾಯಿತು ಎನ್ನುವ ಹಾಗಿಲ್ಲ. ಇಡೀ ಊರಿನಲ್ಲಿ ಹಾದಿಹೋಕರಿಗೆ ದುಡ್ಡಿಗೆ ಸಿಗುವ ವಸ್ತು ಎಂದರೆ ಮಂಜುಗಡ್ಡೆ.

2. ಕಣ್ಣಿಗೆ ಗಾಗಲ್, ಮೂಗಿಗೆ ಮಾಸ್ಕ್: ಚೀಲದ ತಳದಲ್ಲಲ್ಲ, ಕೊರಳಲ್ಲಿ.

ಎಂಟು ಸಾಲಿನಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ನಾನು ಇದನ್ನು ಉಳಿಸಿಕೊಳ್ಳುತ್ತೇನೆ. ಮರುಭೂಮಿ ಎಂದೊಡನೆ ನಮ್ಮ ಮನಸ್ಸಿಗೆ ಬರುವ ಮರಳದಿಣ್ಣೆ ಇಲ್ಲಿಲ್ಲ. ಹಿಮಯುಗದಲ್ಲಿ ಇಲ್ಲಿ ಲಹೊಂಟನ್ ಎಂಬ ಮಹಾಸರೋವರವಿತ್ತು. ಅದು ಬತ್ತಿದ ಮೇಲೆ ತಳದ ಹೂಳು ಬಿರುಕುಬಿಟ್ಟ ಬಟ್ಟಬಯಲಾಗಿ ಉಳಿಯಿತು. ಹುಲ್ಲುಕಡ್ಡಿಯೂ ಇಲ್ಲದ ಈ ಬಯಲನ್ನು ಅಲ್ಲಿ ಪ್ಲಾಯಾ ಎನ್ನುತ್ತಾರೆ. ಸಾವಿರಾರು ಸೈಕಲ್ಲುಗಳು ಓಡಾಡಿ ಮೇಲಿನ ಪದರ ಒಡೆದರೆ ಕೆಳಗಿನ ಹೂಳು ಮೈದಾಹಿಟ್ಟಿನ ಹಾಗೆ ಏಳುತ್ತದೆ. ಅದು ಕ್ಷಾರದ ಮಣ್ಣು. ಕಣ್ಣು, ಗಂಟಲು, ಚರ್ಮ ಎಲ್ಲವನ್ನೂ ಉರಿಸುತ್ತದೆ.

ಗಾಳಿ ಎದ್ದಾಗ ಆಗುವುದು ಹೀಗೆ. ದೂರದಲ್ಲಿ ಒಂದು ಕಂದುಬಿಳಿ ಗೋಡೆ ಕಾಣಿಸುತ್ತದೆ. ಅದರ ಹಿಂದಿನ ಬೆಟ್ಟ ಮಾಯವಾಗುತ್ತದೆ, ಆಮೇಲೆ ನಡುವಿನ ಡೇರೆಗಳು, ಕೊನೆಗೆ ಪಕ್ಕದಲ್ಲಿದ್ದ ಗೆಳೆಯ. ಚಾಚಿದ ಕೈಯ ಬೆರಳು ಕಾಣದಷ್ಟು ಬಿಳಿ. ಈ ಹೊತ್ತಿನಲ್ಲಿ ಬೆನ್ನಿನ ಚೀಲ ಇಳಿಸಿ, ಜಿಪ್ ತೆಗೆದು, ಬಟ್ಟೆಗಳಡಿ ಕೈಹಾಕಿ ಗಾಗಲ್ ಹುಡುಕುವಷ್ಟರಲ್ಲಿ ಕಣ್ಣು ತುಂಬಿರುತ್ತದೆ. ಕೊರಳಲ್ಲಿ ತೂಗಲಿ ಎಂದದ್ದು ಇದಕ್ಕೇ.

ಬಿಸಿಲಿನ ಕನ್ನಡಕ ಸಾಲದು, ಅಂಚಿಗೆ ಸ್ಪಂಜು ಕಟ್ಟಿ ಮುಖಕ್ಕೆ ಒತ್ತಿಕೊಳ್ಳುವ ಗಾಗಲ್ಲೇ ಬೇಕು. ಹಗಲಿಗೆ ಕಪ್ಪು ಗಾಜು, ರಾತ್ರಿಗೆ ಬಿಳಿ ಗಾಜು, ಎರಡೂ ಇರಲಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅಲ್ಲಿ ಮಾಮೂಲಿ ಕನ್ನಡಕಕ್ಕೆ ಬದಲಾಗುವುದು ಒಳ್ಳೆಯದು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಚಿತ್ರಕ್ಕೆ ಚೆನ್ನ, ಆದರೆ ನುಣ್ಣನೆಯ ಕಣ ಅದರೊಳಗಿಂದ ನುಸುಳುತ್ತದೆ. ಕೋವಿಡ್ ಕಾಲದಲ್ಲಿ ಎಲ್ಲರಿಗೂ ಪರಿಚಯವಾದ ಎನ್95 ಮಾಸ್ಕೇ ವಾಸಿ. ಆಸ್ತಮಾ ಇದ್ದವರು ಇನ್‌ಹೇಲರ್ ಇಲ್ಲದೆ ಹತ್ತು ಹೆಜ್ಜೆಯೂ ಹೋಗಬಾರದು.

ಧೂಳು ಮುಸುಕಿದಾಗ ನಡೆಯಬೇಡಿ. ಸೈಕಲ್ಲಿನವರಿಗೆ, ಬಣ್ಣಬಣ್ಣದ ಕಲಾವಾಹನಗಳಿಗೆ ನೀವೂ ಕಾಣುವುದಿಲ್ಲ. ದಾರಿ ಬಿಟ್ಟು ಸರಿದು, ಗಾಳಿಗೆ ಬೆನ್ನುಕೊಟ್ಟು ಕುಳಿತು, ದೀಪ ಹಚ್ಚಿಕೊಂಡು ಕಾಯಿರಿ. ಹತ್ತಿರದಲ್ಲಿ ಡೇರೆ ಇದ್ದರೆ ಒಳಗೆ ನುಗ್ಗಿ, ಯಾರೂ ಬೇಡ ಎನ್ನುವುದಿಲ್ಲ. ಇನ್ನೊಂದು ಮಾಸ್ಕ್ ಹೆಚ್ಚಿಗೆ ಇಟ್ಟುಕೊಂಡಿರಿ. ಅಲ್ಲಿ ಖಂಡಿತ ಒಬ್ಬರು ಬಾಯಿಗೆ ಅಂಗಿ ಒತ್ತಿಕೊಂಡು ಕೆಮ್ಮುತ್ತಿರುತ್ತಾರೆ.

3. ಸೊಂಟಕ್ಕೊಂದು ಲೋಟ.

ಬಿಡಾರಗಳಲ್ಲಿ ಶರಬತ್ತು, ಕಾಫಿ, ಸೂಪು, ಮದ್ಯ ಎಲ್ಲವನ್ನೂ ಕರೆದು ಕೊಡುತ್ತಾರೆ, ಕಾಸು ಮುಟ್ಟುವುದಿಲ್ಲ. ಆದರೆ ಲೋಟ ನಿಮ್ಮದೇ ಆಗಬೇಕು. ಬಿಸಾಡುವ ಲೋಟ ಕೊಟ್ಟರೆ ಕಸ ಹೊರುವವರು ಯಾರು? ಹಿಡಿಕೆಗೆ ಕೊಕ್ಕೆ ಸಿಕ್ಕಿಸಿದ, ಮುಚ್ಚಳವಿರುವ ಸ್ಟೀಲ್ ಲೋಟ ಸಾಕು. ಮದ್ಯ ಬೇಕೆಂದರೆ 21 ವರ್ಷ ತುಂಬಿದ್ದಕ್ಕೆ ಗುರುತಿನ ಚೀಟಿ ಕೇಳುತ್ತಾರೆ, ತಲೆ ನರೆತವರನ್ನೂ ಕೇಳುತ್ತಾರೆ. ಅದೂ ಜೇಬಿನಲ್ಲಿರಲಿ.

4. ಹಗಲಲ್ಲೇ ಹೊರಟರೂ ದೀಪ ಎರಡು, ಸ್ವೆಟರ್ ಒಂದು.

ಬಯಲಿನಲ್ಲಿ ಬೀದಿದೀಪವಿಲ್ಲ. ಕತ್ತಲಲ್ಲಿ ದೀಪವಿಲ್ಲದೆ ನಡೆಯುವವರಿಗೆ ಸೈಕಲ್ ಬಂದು ಗುದ್ದುತ್ತದೆ, ಮೂಳೆ ಮುರಿಯುತ್ತದೆ. ಮುಂದಕ್ಕೊಂದು, ಬೆನ್ನಿಗೊಂದು ದೀಪ ಬೇಕು. ಇವು ನೀವು ನೋಡುವುದಕ್ಕಲ್ಲ, ನೀವು ಕಾಣುವುದಕ್ಕೆ. ಹಣೆಗೆ ಕಟ್ಟುವ ಬ್ಯಾಟರಿಯನ್ನು ಶೌಚಾಲಯದೊಳಗೆ ಬಳಸಿ, ಎದುರು ಬರುವವರ ಕಣ್ಣಿಗೆ ಬಿಡಬೇಡಿ.

ದಾರಿ ಹುಡುಕುವುದಕ್ಕೂ ಬೆಳಕೇ ಆಧಾರ. ಊರನ್ನು ಗಡಿಯಾರದ ಮುಖದಂತೆ ಹಾಕಿದ್ದಾರೆ. ಎರಡು ಗಂಟೆಯಿಂದ ಹತ್ತು ಗಂಟೆಯವರೆಗೆ ಅಡ್ಡಬೀದಿಗಳು, ಅವನ್ನು ದಾಟುವ ಕಮಾನಿನಂಥ ಬೀದಿಗಳಿಗೆ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಹೆಸರು, ನಟ್ಟನಡುವೆ ಬೆಳಗುವ ಮರದ ಮನುಷ್ಯ. ಅವನನ್ನು ನೋಡಿ ದಿಕ್ಕು ತಿಳಿಯುತ್ತೀರಿ. ಶನಿವಾರ ರಾತ್ರಿ ಅವನನ್ನು ಸುಟ್ಟುಬಿಡುತ್ತಾರೆ. ಆಮೇಲೆ ವಾರವಿಡೀ ದಾರಿ ತಪ್ಪದವರೂ ತಪ್ಪುತ್ತಾರೆ. ನಿಮ್ಮ ಬಿಡಾರದ ಗಂಟೆ ಮತ್ತು ಅಕ್ಷರವನ್ನು ಮುಂಗೈ ಮೇಲೆ ಮಾಸದ ಶಾಯಿಯಲ್ಲಿ ಬರೆದುಕೊಳ್ಳಿ. ಫೋನಿಗೆ ಸಿಗ್ನಲ್ ಸಿಕ್ಕೀತೆಂದು ನೆಚ್ಚಬೇಡಿ, ಎಷ್ಟು ಹೊತ್ತಿಗೆ ಎಲ್ಲಿ ಸೇರುವುದೆಂದು ಹೊರಡುವ ಮೊದಲೇ ಮಾತಾಡಿಕೊಳ್ಳಿ.

ಸ್ವೆಟರ್ ಯಾಕೆಂದರೆ, ಮಧ್ಯಾಹ್ನ ಸುಟ್ಟ ಅದೇ ಬಯಲು ಬೆಳಗಿನ ಜಾವ ಹತ್ತು ಡಿಗ್ರಿಗಿಂತ ಕೆಳಗಿಳಿಯುತ್ತದೆ. ಒಣ ಗಾಳಿಯೂ ಮೋಡವಿಲ್ಲದ ಆಕಾಶವೂ ನೆಲದ ಬಿಸಿಯನ್ನು ಹಿಡಿದಿಡುವುದಿಲ್ಲ.

5. ಮುಚ್ಚಿದ ಬೂಟು, ತುಟಿಗೆ ಮುಲಾಮು.

ಬರಿಗಾಲಲ್ಲಿ ನಡೆದರೆ ಕ್ಷಾರ ಚರ್ಮವನ್ನು ಒಡೆಸುತ್ತದೆ, ಹಿಮ್ಮಡಿ ಸೀಳಿ ರಕ್ತ ಬರುತ್ತದೆ. ಒಣ ಗಾಳಿಗೆ ತುಟಿಯೂ ಒಡೆಯುತ್ತದೆ, ಮುಲಾಮು ಅದಕ್ಕೆ. ರಾತ್ರಿ ಮರಳಿದ ಮೇಲೆ ಸ್ವಲ್ಪ ವಿನೆಗರ್ ಬೆರೆಸಿದ ನೀರಿನಲ್ಲಿ ಕಾಲೊರೆಸಿಕೊಳ್ಳಿ, ಹುಳಿ ಕ್ಷಾರವನ್ನು ತಗ್ಗಿಸುತ್ತದೆ. ಆಮೇಲೆ ಎಣ್ಣೆ ಅಥವಾ ಕ್ರೀಮು ಹಚ್ಚಿ ಕಾಲುಚೀಲ ಹಾಕಿ.

ಮಳೆಯ ಮಾತು ಹೇಳದೆ ಈ ಸಾಲು ಮುಗಿಯದು. 2023ರ ಸೆಪ್ಟೆಂಬರ್ 1ರಂದು ಮಳೆ ಹಿಡಿಯಿತು. ಹೂಳು ಅಂಟಾಯಿತು, ಬೂಟಿನ ಅಡಿಗೆ ಪದರದ ಮೇಲೆ ಪದರ ಮೆತ್ತಿ ಹೆಜ್ಜೆ ಎತ್ತಲಾಗದ ಭಾರವಾಯಿತು. ವಾಹನ ಓಡಾಟ ನಿಂತಿತು, ಗೇಟು ಮುಚ್ಚಿತು, ಇರುವ ಅನ್ನ ನೀರನ್ನು ಹಿಡಿತದಲ್ಲಿ ಬಳಸಿ ಎಂದು ಸಾರಿದರು. ಹೊರಹೋಗುವ ದಾರಿ ತೆರೆದದ್ದು ಸೋಮವಾರ. ಬೂಟಿಗೆ ಪ್ಲಾಸ್ಟಿಕ್ ಚೀಲ, ಅದರ ಮೇಲೊಂದು ಕಾಲುಚೀಲ ಎಳೆದುಕೊಂಡವರು ಹೇಗೋ ನಡೆದಾಡಿದರು. ಎರಡು ಪ್ಲಾಸ್ಟಿಕ್ ಚೀಲ ಮಡಿಸಿಟ್ಟರೆ ತೂಕವೇ ಇಲ್ಲ.

6. ಉದುರುವುದನ್ನು ಉಡಬೇಡಿ.

ಅಲಂಕಾರ ಮಾಡಿಕೊಳ್ಳದವರು ಅಲ್ಲಿ ಅಪರೂಪ, ನೀವೂ ಮಾಡಿಕೊಳ್ಳಿ. ಆದರೆ ಹಕ್ಕಿಗರಿ, ಮಿನುಗುಪುಡಿ, ಸಡಿಲ ಚಮಕಿ ಬೇಡ. ಒಂದು ಗರಿಯ ಹಾರ ಗಾಳಿಗೆ ಸಿಕ್ಕಿದರೆ ನೂರು ಎಳೆಯಾಗಿ ಬಯಲ ತುಂಬ ಹಾರುತ್ತದೆ. ಪಿಸ್ತಾ ಸಿಪ್ಪೆ, ಕಿತ್ತಳೆ ಸಿಪ್ಪೆ ಮಣ್ಣಿಗೆ ಸೇರುತ್ತದಲ್ಲ ಎಂದು ನಮ್ಮ ತೋಟದ ಲೆಕ್ಕ ಹಾಕಬೇಡಿ. ಈ ಮಣ್ಣಿನಲ್ಲಿ ಏನೂ ಕೊಳೆಯುವುದಿಲ್ಲ.

7. ಒಂದು ಖಾಲಿ ಚೀಲ. ಮರಳುವಾಗ ಅದು ಖಾಲಿ ಇರಬಾರದು.

ಎಪ್ಪತ್ತು ಸಾವಿರ ಜನರ ಊರಿನಲ್ಲಿ ಒಂದೇ ಒಂದು ಕಸದ ತೊಟ್ಟಿ ಇಲ್ಲ. ತಂದವರೇ ಹೊರಬೇಕು. ನೆಲಕ್ಕೆ ಸೇರದ ಯಾವುದನ್ನೂ ಅಲ್ಲಿ ಮೂಪ್ ಎನ್ನುತ್ತಾರೆ, ಸಿಗರೇಟು ತುಂಡಿನಿಂದ ಕೂದಲೆಳೆಯವರೆಗೆ. ಸೇದುವವರು ಪೆಪ್ಪರಮಿಂಟಿನ ತಗಡಿನ ಡಬ್ಬಿ ಇಟ್ಟುಕೊಂಡು ತುಂಡನ್ನು ಅದರಲ್ಲೇ ಹಾಕುತ್ತಾರೆ.

ಇದು ಸರ್ಕಾರಿ ನೆಲ. ಉತ್ಸವ ಮುಗಿದ ಮೇಲೆ ಫೆಡರಲ್ ಭೂ ಇಲಾಖೆಯವರು ಬಂದು ಅಲ್ಲಲ್ಲಿ ಗುರುತು ಮಾಡಿ ಪರೀಕ್ಷಿಸುತ್ತಾರೆ. ಎಕರೆಗೆ ಸರಾಸರಿ ಒಂದು ಚದರಡಿಗಿಂತ ಹೆಚ್ಚು ಕಸ ಉಳಿದಿರಬಾರದು. ಅದಕ್ಕೆ ಮೊದಲು ಕಾರ್ಯಕರ್ತರು ಸಾಲುಗಟ್ಟಿ, ನೆಲ ನೋಡುತ್ತ, ಇಡೀ ಊರಿದ್ದ ಜಾಗವನ್ನು ನಡೆದು ಕೈಯಿಂದ ಹೆಕ್ಕುತ್ತಾರೆ. ಯಾರ ಬಿಡಾರ ಚೊಕ್ಕಟ, ಯಾರದು ಗಲೀಜು ಎಂದು ಹಸಿರು, ಹಳದಿ, ಕೆಂಪು ಬಣ್ಣ ತುಂಬಿದ ನಕ್ಷೆಯೂ ಪ್ರಕಟವಾಗುತ್ತದೆ. ಜಾತ್ರೆ ಮುಗಿದ ಮಾರನೆಯ ದಿನ ನಮ್ಮೂರುಗಳ ತೇರುಬೀದಿ ಹೇಗಿರುತ್ತದೆಂದು ಬಲ್ಲವರಿಗೆ ಇದರ ಬೆಲೆ ಗೊತ್ತು. ನಾವು ಅಲ್ಲಿಂದ ತರಬೇಕಾದದ್ದು ಏನಾದರೂ ಇದ್ದರೆ ಈ ನಕ್ಷೆ ಎಂದು ನಾನು ನಂಬಿದ್ದೇನೆ. ನಿಮ್ಮದಲ್ಲದ ಚೂರು ಕಂಡರೂ ಬಗ್ಗಿ ಎತ್ತಿ ಚೀಲಕ್ಕೆ ಹಾಕಿ.

8. ಕೊಡಲು ಏನಾದರೊಂದು.

ಇದಕ್ಕೆ ಬೆಲೆಯ ವಸ್ತುವೇ ಆಗಬೇಕಿಲ್ಲ. ಸೈಕಲ್ ಪಂಕ್ಚರ್ ತೇಪೆ, ಬ್ಯಾಟರಿ ಸೆಲ್, ಸನ್‌ಸ್ಕ್ರೀನು, ಆ ಹೆಚ್ಚಿನ ಮಾಸ್ಕು, ಇವೇ ಅಲ್ಲಿ ದೊಡ್ಡ ಉಡುಗೊರೆ. ಪ್ರತಿಯಾಗಿ ಏನನ್ನೂ ಕೇಳುವಂತಿಲ್ಲ, ವಿನಿಮಯವೂ ಅಲ್ಲ ಅದು.

ಇನ್ನೊಂದನ್ನು ಒತ್ತಿ ಹೇಳುತ್ತೇನೆ. ಮರದ ಮನುಷ್ಯನಿಂದ ಆಚೆ ಬಯಲಿನಲ್ಲಿ ಒಂದು ಗುಡಿ ಕಟ್ಟುತ್ತಾರೆ. ಡೇವಿಡ್ ಬೆಸ್ಟ್ ಎಂಬ ಶಿಲ್ಪಿ 2000ದಲ್ಲಿ ಆರಂಭಿಸಿದ ಪರಿಪಾಠ ಅದು. ದೇವರಿಲ್ಲದ ಆ ಗುಡಿಯ ಗೋಡೆಗಳಿಗೆ ಜನ ತೀರಿಹೋದವರ ಫೋಟೊ, ಬರೆದ ಕಾಗದ, ತೊಟ್ಟ ಅಂಗಿ ತಂದಿಡುತ್ತಾರೆ. ಭಾನುವಾರ ರಾತ್ರಿ ಎಲ್ಲವನ್ನೂ ಸೇರಿಸಿ ಸುಡುವಾಗ ಸಾವಿರಾರು ಜನ ಮಾತಿಲ್ಲದೆ ಕೂತಿರುತ್ತಾರೆ. ನಮ್ಮ ಪಿತೃಪಕ್ಷ ಬರುವುದೂ ಹೆಚ್ಚುಕಡಿಮೆ ಅದರ ಬೆನ್ನಿಗೇ. ಊರಿಗೆ ಹೋಗಿ ತಿಥಿ ಮಾಡಲಾಗದೆ ಕೊರಗುವವರು ಅಪ್ಪನದೋ ಅಜ್ಜಿಯದೋ ಒಂದು ಫೋಟೊ ಚೀಲದಲ್ಲಿಟ್ಟುಕೊಂಡು ಅಲ್ಲಿಗೆ ಒಮ್ಮೆ ನಡೆಯಿರಿ. ಇಡಬೇಕೆನಿಸದಿದ್ದರೆ ಮರಳಿ ತನ್ನಿ. ಚೌಕಟ್ಟು, ಗಾಜು ಮಾತ್ರ ಬೇಡ, ಸುಟ್ಟ ಮೇಲೆ ಗಾಜಿನ ಚೂರನ್ನು ಯಾರಾದರೂ ಕೈಯಿಂದಲೇ ಹೆಕ್ಕಬೇಕಾಗುತ್ತದೆ.

ಹೊರಡುವವರು ಇದನ್ನೆಲ್ಲ ರೀನೋ ಪಟ್ಟಣ ಬಿಡುವ ಮೊದಲೇ ಜೋಡಿಸಿಕೊಳ್ಳಿ. ಅಲ್ಲಿಂದ ಮುಂದೆ ಸಿಗುವ ಕೊನೆಯ ಊರು ಗರ್ಲಾಕ್ ತೀರಾ ಪುಟ್ಟದು, ಅದರಾಚೆ ಅಂಗಡಿಯಿಲ್ಲ.